ಅಕ್ಕನ ಬಳಗದ ಬಾಗಿಲು ಯಾರಿಗೆ ತೆರೆದಿದೆ?

(ಬಳ್ಳಾರಿ ನಗರದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟ ವಿಷಯ 'ಶರಣರು ಮತ್ತು ಸ್ತ್ರೀ ಸಮಾನತೆ'. ಈ ವಿಷಯದಲ್ಲಿ ನಾವು ನಡೆದು ನಡೆದು ಸವೆಸಿದ ದಾರಿ ಒಂದಿದೆ. ಅಕ್ಕನಾಗಮ್ಮನಿಗಿಲ್ಲದ ಜನಿವಾರ ತಮಗೂ ಬೇಡವೆಂದು ಬಸವಣ್ಣನವರು ಹೊರಟರು, ಕಲ್ಯಾಣದಲ್ಲಿ ಅಕ್ಕಮಹಾದೇವಿ ಅಲ್ಲಮಪ್ರಭುಗಳ ಪ್ರಶ್ನೆಗೆ ಎದುರು ನಿಂತು ಉತ್ತರಿಸಿದರು ಎಂದು ಹೇಳಿ ಪ್ರಸಾದಕ್ಕೆ ಏಳುತ್ತೇವೆ. ಇಂದು ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದಿಡೋಣ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವರೊಬ್ಬರು ನಿಮ್ಮ ಬಳಗಕ್ಕೆ ಬಂದು "ನನ್ನನ್ನೂ ಸೇರಿಸಿಕೊಳ್ಳಿ" ಎಂದರೆ ಏನು ಹೇಳುತ್ತೀರಿ?

ಇದು ದೂರದ ಊರಿನ ಪ್ರಶ್ನೆಯಲ್ಲ. ಮಂಜಮ್ಮ ಜೋಗತಿಯವರು ಹುಟ್ಟಿದ್ದು ನಮ್ಮ ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ. ಹೆತ್ತವರಿಟ್ಟ ಹೆಸರು ಮಂಜುನಾಥ. ಹುಡುಗನಲ್ಲಿ ಹೆಣ್ಣಿನ ನಡೆ ಕಂಡ ಮನೆಯವರು ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಆಮೇಲೆ ಮನೆ ತಪ್ಪಿತು, ಭಿಕ್ಷೆಯೇ ಗತಿಯಾಯಿತು. ಕಾಳವ್ವ ಜೋಗತಿಯವರ ಆಸರೆಯಲ್ಲಿ ಕಲೆ ಕೈಹಿಡಿಯಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಗಳ ಮುಂದೆ ಸೆರಗು ಹಿಡಿದು ಅವರು ಹರಸಿದ್ದನ್ನು ಟಿ.ವಿ.ಯಲ್ಲಿ ನೋಡಿ 'ನಮ್ಮ ಕಡೆಯವರು' ಎಂದು ಹೆಮ್ಮೆಪಟ್ಟೆವು. ಪ್ರಶಸ್ತಿ ಬಂದವರನ್ನು ನಮ್ಮವರೆನ್ನುವುದು ಸುಲಭ. ಸಂತೆಯಲ್ಲಿ ಕೈಚಾಚುವ ಜೋಗತಿ ಯಾರವರು?

ಸ್ತ್ರೀವಾದಿಗಳಲ್ಲೇ ಈ ಕುರಿತು ಒಮ್ಮತವಿಲ್ಲ. ಹೆಣ್ಣು ಎಂಬುದನ್ನು ಹುಟ್ಟಿಗಿಂತ ಹೆಚ್ಚಾಗಿ ಸಮಾಜವೇ ರೂಪಿಸುತ್ತದೆ ಎಂದು ಫ್ರಾನ್ಸಿನ ಸಿಮೋನ್ ದ ಬೋವಾ 1949ರಲ್ಲಿ ವಾದಿಸಿದರು. ಆದರೆ ಟ್ರಾನ್ಸ್ ಮಹಿಳೆಯರನ್ನು ಹೆಂಗಸರೆಂದು ಒಪ್ಪಲಾಗದು ಎಂದು ಅಮೆರಿಕದ ಸ್ತ್ರೀವಾದಿ ಜಾನಿಸ್ ರೇಮಂಡ್ 1979ರಲ್ಲಿ ಒಂದು ಪುಸ್ತಕವನ್ನೇ ಬರೆದರು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅಲ್ಲಿನ ಸಮಾನತೆ ಕಾಯ್ದೆಯಲ್ಲಿ 'ಮಹಿಳೆ' ಎಂದರೆ ದೇಹದಿಂದ ಹೆಣ್ಣಾಗಿ ಹುಟ್ಟಿದವರು ಎಂದಿತು. ನಮ್ಮ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಬೇರೆ ಮಾತು ಹೇಳಿತ್ತು: ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗಿಯೋ ಎಂಬುದನ್ನು ನಿರ್ಧರಿಸುವ ಹಕ್ಕು ಆ ವ್ಯಕ್ತಿಯದು. ಕನ್ನಡದಲ್ಲಿ ಎ. ರೇವತಿಯವರ ಆತ್ಮಕಥೆ 'ಬದುಕು ಬಯಲು' ಎಂಬ ಹೆಸರಿನಲ್ಲಿ ಬಂದಾಗ ಅನುವಾದಿಸಿದವರು ಮಹಿಳಾ ಚಳವಳಿಯ ದು. ಸರಸ್ವತಿಯವರೇ.

ಬೇಡ ಎನ್ನುವವರ ಮಾತನ್ನು ತಳ್ಳಿಹಾಕಬಾರದು. ಮುಟ್ಟಾದಾಗ ಹೊರಗೆ ಕೂತವರು, ಶಾಲೆ ಬಿಡಿಸಿಕೊಂಡವರು, ಬಾಣಂತನದ ನೋವುಂಡವರು, ವರದಕ್ಷಿಣೆಗೆ ಏಟು ತಿಂದವರು ನೀವು. ಮನ ಬಿಚ್ಚಿ ಮಾತನಾಡಲು ನಿಮಗೆ ಸಿಕ್ಕಿರುವ ಜಾಗ ಅಂಗೈಯಗಲ. ಅದನ್ನೂ ಹಂಚಿಕೊಳ್ಳಬೇಕೆ ಎಂಬ ಆತಂಕ ಸಹಜ. ಟ್ರಾನ್ಸ್ ಮಹಿಳೆಯ ಬಾಳು ನಿಮ್ಮ ಬಾಳಿನ ಹಾಗೇ ಇತ್ತೆಂದು ನಾನು ಹೇಳುವುದಿಲ್ಲ. ಆದರೆ ಒಂದು ಮಾತು ಯೋಚಿಸಿ. ಹುಡುಗನೊಬ್ಬ ಹುಡುಗಿಯಂತೆ ನಡೆದರೆ ಊರು 'ಹೆಣ್ಣಿಗ' ಎಂದು ಬೈಯುತ್ತದೆ. ಆ ಬೈಗುಳ ಮೊದಲು ಯಾರಿಗೆ ತಗಲುತ್ತದೆ? ಹೆಣ್ಣಾಗಿರುವುದೇ ಕೀಳು ಎಂಬ ನಂಬಿಕೆ ಇಲ್ಲದಿದ್ದರೆ ಅದು ಬೈಗುಳವೇ ಆಗುತ್ತಿರಲಿಲ್ಲ. ನಿಮ್ಮನ್ನು ಕೆಳಗಿಟ್ಟ ಕೈಯೇ ಅವರನ್ನೂ ಹೊರಗೆ ತಳ್ಳಿದೆ.

ಕಾನೂನಿನ ತಕ್ಕಡಿಯನ್ನೂ ನೋಡಿ. 2018ರ ತಿದ್ದುಪಡಿಯ ನಂತರ ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ ಶಿಕ್ಷೆ. 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಗೆಂದು ಬಂದ ಕಾಯ್ದೆಯಲ್ಲಿ, ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಇಟ್ಟದ್ದು 6 ತಿಂಗಳಿಂದ 2 ವರ್ಷ. ನೋವು ಒಂದೇ, ತೂಕದ ಕಲ್ಲು ಬೇರೆ.

ನಾನು ಸರ್ಕಾರಿ ಇಂಜಿನಿಯರ್ ಆಗಿದ್ದವನು. ಕಟ್ಟಡದ ಲೆಕ್ಕ ಹಾಕುವಾಗ ಯಾವ ತೊಲೆಗೆ ಎಷ್ಟು ಭಾರ ಎಂದು ಬಿಡಿಬಿಡಿಯಾಗಿ ನೋಡುತ್ತೇವೆ. ಇಲ್ಲೂ ಹಾಗೇ ನೋಡಬೇಕು. ಕ್ರೀಡಾ ಸ್ಪರ್ಧೆಯಲ್ಲಿ ದೇಹಬಲದ ಪ್ರಶ್ನೆ ಇದೆ. ಅದನ್ನು ಆಯಾ ಕ್ರೀಡೆ ಬಲ್ಲವರು, ವೈದ್ಯರು ನೋಡಲಿ. ಜೈಲಿನಲ್ಲಿ ಎಲ್ಲರ ಸುರಕ್ಷತೆಯ ಪ್ರಶ್ನೆ ಇದೆ. ಶೌಚಾಲಯಕ್ಕೆ ಬೇಕಾದದ್ದು ನೆಲದಿಂದ ಮೇಲಿನವರೆಗೆ ಗೋಡೆ, ಗಟ್ಟಿ ಬಾಗಿಲು, ಒಳಚಿಲಕ, ದೀಪ, ನೀರು. ಅದು ಎಲ್ಲ ಹೆಂಗಸರಿಗೂ ಬೇಕಾದದ್ದೇ. ಇವೆಲ್ಲವನ್ನೂ ಒಂದೇ ಗಂಟು ಕಟ್ಟಿ 'ಒಳಗೋ ಹೊರಗೋ' ಎಂದು ಕೇಳುವುದರಿಂದಲೇ ಜಗಳ ಬೆಳೆಯುತ್ತದೆ. ವಚನ ಓದಲು, ಇಷ್ಟಲಿಂಗ ಪೂಜೆಗೆ, ದಾಸೋಹಕ್ಕೆ ಕೂರುವಲ್ಲಿ ಯಾವ ದೇಹದ ಲೆಕ್ಕ? 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗ ಸರ್ಕಾರ ಮಹಿಳೆಯರ ಜೊತೆಗೆ ಇವರನ್ನೂ ಸೇರಿಸಿತು. ಸಿರುಗುಪ್ಪದಿಂದ ಬಳ್ಳಾರಿಗೆ ನಿಮ್ಮ ಬದಿಯ ಸೀಟಿನಲ್ಲೇ, ನಿಮ್ಮಂತೆಯೇ ದುಡ್ಡಿಲ್ಲದ ಟಿಕೆಟ್ ಹಿಡಿದು ಬಂದವರು ಮಠದ ಬಾಗಿಲಲ್ಲಿ ನಿಲ್ಲಬೇಕೆ?

ಈಗ ನಮ್ಮ ಮನೆಯ ಮಾತು. ಮುತ್ತು ಕಟ್ಟುವುದನ್ನು ನಾವು ಮೌಢ್ಯವೆಂದು ವಿರೋಧಿಸುತ್ತೇವೆ. ಸರಿಯೇ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಿದಾಗ ಮಹಿಳಾ ಹೋರಾಟಗಾರರೂ ಸುಧಾರಕರೂ ಒಪ್ಪಿದರು. ಆದರೆ ಹೆತ್ತ ಮನೆ ಹೊರಹಾಕಿದ ಮಗುವಿಗೆ ಹುಲಿಗೆಮ್ಮನ, ಎಲ್ಲಮ್ಮನ ಗುಡಿ ಒಂದು ಹೆಸರು ಕೊಟ್ಟಿತು, ಜೋಗತಿಯರ ಗುಂಪು ಒಂದು ತುತ್ತು ಕೊಟ್ಟಿತು. ಆ ಗುಡಿಗೆ ಹೋಗಬೇಡ ಎನ್ನುವ ನಾವು ಎಲ್ಲಿಗೆ ಬಾ ಎನ್ನುತ್ತೇವೆ? ಒಂದು ಬಾಗಿಲು ಮುಚ್ಚಿಸುವವರು ಇನ್ನೊಂದನ್ನು ತೆರೆಯಬೇಕು. ಇಲ್ಲದಿದ್ದರೆ ಅದು ಸುಧಾರಣೆಯಲ್ಲ, ಬರೀ ಬೀಗ.

ತೆರೆಯಲು ನಮ್ಮಲ್ಲಿ ಆಧಾರವಿದೆ. ಹೊರಗಿನ ಗುರುತು ನೋಡಿ ಗಂಡು ಹೆಣ್ಣೆಂದು ಹೆಸರಿಡುವ ಲೋಕಕ್ಕೆ, ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದು ತೋರಿಸಿದ ಜೇಡರ ದಾಸಿಮಯ್ಯನವರ ವಚನ ನಿಮಗೆಲ್ಲ ಕಂಠಪಾಠ. ಸೂಳೆ ಸಂಕವ್ವೆಯ ವಚನವನ್ನು ಶರಣ ಪರಂಪರೆ ಕಸುಬು ನೋಡಿ ಎಸೆಯಲಿಲ್ಲ, ಕಾಪಾಡಿಕೊಂಡು ಬಂತು. ಅಂಗದ ಮೇಲೆ ಲಿಂಗ ಬಂದ ಮೇಲೆ ಹಿಂದಿನ ಕುಲ ಕೇಳಬಾರದೆನ್ನುವ ನಾವು, ಹಿಂದಿನ ಹೆಸರು ಕೇಳುವುದು ಯಾವ ನ್ಯಾಯ?

ಬಳಗದ ಬಾಗಿಲು ಅಕ್ಕಂದಿರದು. ಗಂಡಸಾದ ನಾನು ತೀರ್ಪು ಕೊಡಲಾರೆ. ನಿಮ್ಮ ಮುಂದಿನ ಸಭೆಯಲ್ಲಿ ಚರ್ಚಿಸಿ ಎಂದು ಬೇಡಬಲ್ಲೆ. ಚರ್ಚೆಗೆ ಅವರನ್ನೂ ಕರೆಯಿರಿ, ಅವರಿಲ್ಲದೆ ಅವರ ಬಗ್ಗೆ ನಿರ್ಧರಿಸಬೇಡಿ. ಪೂಜ್ಯರಲ್ಲಿ ಒಂದು ಅರಿಕೆ: ಹತ್ತನೇ ತರಗತಿಯ ವಯಸ್ಸಿನಲ್ಲಿ ಮನೆಯಿಂದ ಹೊರಬಿದ್ದ ಇಂಥ ಮಗುವಿಗೆ ಮಠದ ಪ್ರಸಾದ ನಿಲಯದಲ್ಲಿ ಚಿಲಕವಿರುವ ಒಂದು ಕೋಣೆ, ಓದು, ಊಟ ಸಿಗಲಿ. ಹೆತ್ತವರನ್ನು ಕರೆಸಿ ತಾವು ನಾಲ್ಕು ಮಾತು ಹೇಳಿದರೆ ಆ ಮಗು ಮನೆಗೇ ಮರಳಲೂಬಹುದು. ಪೊಲೀಸರ ಮಾತಿಗಿಂತ ಗುರುಗಳ ಮಾತಿಗೆ ನಮ್ಮ ಊರುಗಳಲ್ಲಿ ಇನ್ನೂ ಬೆಲೆಯಿದೆ. ಆ ಬೆಲೆಯನ್ನು ಇಂಥ ಮಕ್ಕಳಿಗಾಗಿ ಖರ್ಚು ಮಾಡೋಣ.