ರೈಲುಬಸ್ಸು ಕಲಿಸಿದ ಪಾಠ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಶಿವಮೊಗ್ಗ–ತಾಳಗುಪ್ಪ ಮಾರ್ಗದ ಮೀಟರ್‌ಗೇಜ್ ಹಳಿಗಳ ಮೇಲೆ ಕೊನೆಯ ವರ್ಷಗಳಲ್ಲಿ ರೈಲುಬಸ್ಸು ಓಡುತ್ತಿತ್ತು. ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ಸಾಗುತ್ತಿದ್ದ ಆ ಒಂಟಿ ಡಬ್ಬಿಯನ್ನು ಎಳೆಯಲು ಪ್ರತ್ಯೇಕ ಎಂಜಿನ್ ಬೇಕಿರಲಿಲ್ಲ. ಡೀಸೆಲ್ ಯಂತ್ರವು ಡಬ್ಬಿಯಲ್ಲಿಯೇ ಅಡಕವಾಗಿತ್ತು.

ಇದರ ಹಿಂದಿನ ವಿವೇಕವನ್ನು ಗಮನಿಸಬೇಕು. ಮೀಟರ್‌ಗೇಜಿನ ವೈಡಿಎಂ–4 ಡೀಸೆಲ್ ಎಂಜಿನ್ನಿನ ತೂಕವೇ 72 ಟನ್. ಬೆರಳೆಣಿಕೆಯ ಪ್ರಯಾಣಿಕರಿಗಾಗಿ ಅಷ್ಟು ಉಕ್ಕನ್ನು ಗುಡ್ಡ ಹತ್ತಿಸಿ ಇಳಿಸುವುದು ಇಂಧನದ ಅಪವ್ಯಯ. ಎರಡು ಗುಂಟೆ ಗದ್ದೆಗೆ ಯಾರೂ ದೊಡ್ಡ ಟ್ರ್ಯಾಕ್ಟರ್ ಇಳಿಸುವುದಿಲ್ಲ, ಟಿಲ್ಲರ್ ಸಾಕು. ಖರ್ಚು ಹೆಚ್ಚಾಯಿತೆಂದು ಮಾರ್ಗವನ್ನೇ ಮುಚ್ಚುವ ಮೊದಲು, ವಾಹನವನ್ನು ಚಿಕ್ಕದಾಗಿಸಬಹುದೇ ಎಂದು ಕೇಳುವುದು ನ್ಯಾಯ.

ಬಂಗಾರಪೇಟೆ–ಕೋಲಾರ ಮಾರ್ಗವೂ ಇದಕ್ಕೆ ನಿದರ್ಶನ. ಬ್ರಾಡ್‌ಗೇಜ್ ಆದ ಬಳಿಕ ಅಲ್ಲಿ ರೈಲುಬಸ್ಸೇ ಜನರನ್ನು ಸಾಗಿಸಿತು. 2013ರಲ್ಲಿ ಹಳಿ ಕೋಲಾರದಿಂದ ಚಿಕ್ಕಬಳ್ಳಾಪುರವನ್ನು ಮುಟ್ಟಿತು. ಮುಂದೆ ರೈಲುಬಸ್ಸಿನ ಜಾಗಕ್ಕೆ ಹಲವು ಡಬ್ಬಿಗಳ ಡೆಮು ರೈಲು ಬಂದಿತು. ಚಿಕ್ಕ ವಾಹನವು ಹಳಿಯ ಬಳಕೆಯನ್ನು ಉಳಿಸಿತು. ಉಳಿದ ಹಳಿಯು ದೊಡ್ಡ ವಾಹನಕ್ಕೆ ದಾರಿಯಾಯಿತು.

ರೈಲುಬಸ್ಸಿಗೆ ಮಿತಿಗಳೂ ಇವೆ. ಸಂತೆಯ ದಿನ ನೂಕುನುಗ್ಗಲು ತಪ್ಪದು. ಇರುವ ಒಂದೇ ವಾಹನ ಕೆಟ್ಟರೆ ಅಂದಿನ ಸಂಚಾರವೇ ಇಲ್ಲ. ಆದ್ದರಿಂದ ಬೇಕಿರುವುದು ಹಳೆಯ ಡಬ್ಬಿಯ ಪುನರಾಗಮನವಲ್ಲ, ಅದರ ತತ್ತ್ವದ ಪುನರುಜ್ಜೀವನ: ಅಗತ್ಯಕ್ಕೆ ತಕ್ಕ ಗಾತ್ರ, ಜನರಿಗೆ ಒದಗುವ ವೇಳೆ.

ತಾಳಗುಪ್ಪದವರೆಗೆ 2011ರಲ್ಲಿ ಬ್ರಾಡ್‌ಗೇಜ್ ಬಂದಿತು. ಬೆಂಗಳೂರು, ಮೈಸೂರುಗಳಿಗೆ ನೇರ ರೈಲುಗಳಾದವು, ಇದು ಸ್ವಾಗತಾರ್ಹ. ಆದರೆ ಆನಂದಪುರದಿಂದ ಸಾಗರದ ಆಸ್ಪತ್ರೆಗೆ ಹೋಗುವ ಅಜ್ಜಿಗೂ, ಅರಸಾಳಿನಿಂದ ಶಿವಮೊಗ್ಗದ ಕಾಲೇಜಿಗೆ ಹೋಗುವ ಹುಡುಗಿಗೂ ದೂರದ ರೈಲಿಗಿಂತ ಹೊತ್ತಿಗೊದಗುವ ರೈಲು ಮುಖ್ಯ. ಹಾಸಿರುವ ಹಳಿಯ ಮೇಲೆ ಇನ್ನೊಂದು ಚಿಕ್ಕ ರೈಲು ಓಡಿಸಲು ಹೊಸದಾಗಿ ಮರ ಕಡಿಯಬೇಕಿಲ್ಲ. ರಸ್ತೆ ಅಗಲಿಸಿದರೆ ಮಾತ್ರ ಕಾಡಿನ ಅಂಚು ಕರಗುತ್ತದೆ.

ವಿದ್ಯಾರ್ಥಿಗಳು ಒಂದು ವಾರ ತಮ್ಮೂರಿನ ಬಸ್ ನಿಲ್ದಾಣದಲ್ಲಿ ಕುಳಿತು, ಯಾರು, ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗುತ್ತಾರೆಂದು ಬರೆದಿಡಲಿ. ಗ್ರಾಮಸಭೆ ಆ ಲೆಕ್ಕವನ್ನು ಮನವಿಯೊಂದಿಗೆ ರೈಲ್ವೆಗೆ ಕಳುಹಿಸಲಿ. ಬರಿಯ ಬೇಡಿಕೆಗಿಂತ ಲೆಕ್ಕವಿರುವ ಬೇಡಿಕೆಗೆ ಬಲ ಹೆಚ್ಚು.