ಹಳೆಯ ಆಂಗ್ಲ ಟ್ರ್ಯಾಕ್ಟರುಗಳ ಭೇದ

ಕಬ್ಬಿನ ಕಾಲದಲ್ಲಿ ನಂಜನಗೂಡಿನ ಕಡೆಗಾಗಲಿ ಮಂಡ್ಯದ ಕಡೆಗಾಗಲಿ ಸಂಚರಿಸುವ ಮೈಸೂರಿನ ನಾಗರಿಕರಿಗೆ ಟ್ರ್ಯಾಕ್ಟರು ಅಪರಿಚಿತ ವಸ್ತುವಲ್ಲ. ಆದರೆ ಅದನ್ನು ಬಣ್ಣದಿಂದ ಗುರುತಿಸುವುದೇ ನಮ್ಮಲ್ಲಿ ವಾಡಿಕೆ. ಹಳೆಯ ಆಂಗ್ಲ ಯಂತ್ರಗಳನ್ನೂ ಹೀಗೆಯೇ, ಬೂದುಬಣ್ಣದ್ದು ಫರ್ಗುಸನ್, ನೀಲಿಯದು ಫೋರ್ಡ್‌ಸನ್ ಮೇಜರ್ ಎಂದು ವಿಂಗಡಿಸುವವರುಂಟು. ಈ ಲಕ್ಷಣವನ್ನು ನಾವು ನೆಚ್ಚಲಾರೆವು. ಫೋರ್ಡ್‌ಸನ್ 'ಎನ್' ಮಾದರಿಯೊಂದೇ ಎರಡನೆಯ ಮಹಾಯುದ್ಧಕ್ಕೆ ಮುನ್ನ ಕಿತ್ತಳೆಯಾಗಿದ್ದು ಯುದ್ಧದ ನಡುವೆ ಹಸುರಾಯಿತು. ನಿಜವಾದ ಭೇದವನ್ನರಿಯಬೇಕಾದರೆ ಯಂತ್ರದ ಹಿಂದೆ ನಿಂತು, ನೇಗಿಲನ್ನು ಅದಕ್ಕೆ ಹೇಗೆ ಕಟ್ಟಿದ್ದಾರೆಂಬುದನ್ನು ನೋಡತಕ್ಕದ್ದು. ಉಳುವವನ ಪ್ರಾಣವೂ ಅದನ್ನೇ ಅವಲಂಬಿಸಿದ್ದಿತು.

ಡಾಗೆನ್‌ಹ್ಯಾಮಿನ ಕಾರ್ಖಾನೆಯಲ್ಲಿ 'ಎನ್' ಮಾದರಿಯು 1933ರಿಂದ 1945ರವರೆಗೂ, ಅದರ ಬಳಿಕ 'ಇ27ಎನ್' ಎಂಬ ಮೇಜರ್ ಮಾದರಿಯು 1952ರವರೆಗೂ ತಯಾರಾದುವು. ಇವು ಸಾಮಾನ್ಯವಾಗಿ, ಎತ್ತು ಬಂಡಿಯನ್ನೆಳೆಯುವಂತೆ, ಪ್ರತ್ಯೇಕವಾದ ಗಾಲಿಗಳುಳ್ಳ ನೇಗಿಲನ್ನು ಹಿಂದಿನಿಂದ ಎಳೆದುಕೊಂಡು ಹೋಗುತ್ತಿದ್ದುವು. ಚಕ್ರಗಳು ಜಾರದಿರಬೇಕಾದರೆ ಯಂತ್ರದ ಸ್ವಂತ ತೂಕವೇ ಗತಿ. ಗುಳವು ನೆಲದೊಳಗಿನ ಹಾಸುಗಲ್ಲಿಗೆ ಸಿಕ್ಕಿಕೊಂಡರೆ ನೇಗಿಲು ಬಾರದು, ಎಂಜಿನು ನಿಲ್ಲದು, ಚಕ್ರಗಳು ಹಿಡಿತ ಬಿಡವು. ಆಗ ಯಂತ್ರದ ಒಡಲೇ ಹಿಂದಿನ ಅಚ್ಚಿನ ಸುತ್ತ ತಿರುಗಿ, ಮೂತಿ ಆಕಾಶಕ್ಕೆದ್ದು, ಚಾಲಕನ ಮೇಲೆ ಮಗುಚಿಕೊಳ್ಳುವುದು. ಹೀಗೆ ಮಡಿದವರು ಅನೇಕರು.

ಫೀಲ್ಡ್ ಮಾರ್ಷಲ್ ಎಂಬ ಇನ್ನೊಂದು ಯಂತ್ರವಿದ್ದಿತು. ಒಂದೇ ಸಿಲಿಂಡರಿನ ಡೀಸೆಲ್. ಚಳಿಯಲ್ಲಿ ಹೊಗೆಯಾಡುವ ಕಾಗದದ ಸುರುಳಿಯನ್ನು ಅದರ ತಲೆಯೊಳಕ್ಕೆ ತುರುಕಿ, ಕೈಯಿಂದ ತಿರುಗಿಸಬೇಕು. ಇಲ್ಲವೆ ತೋಟಾ ಹಾರಿಸಿ ಎಬ್ಬಿಸಬೇಕು! ವಿನೋದದ ವಸ್ತುವೆಂಬುದು ದಿಟ, ಆದರೆ ಎಳೆಯುವ ಕ್ರಮದಲ್ಲಿ ಅದೂ ಫೋರ್ಡ್‌ಸನ್ನಿನ ಜಾತಿಯದೇ.

ಐರ್ಲೆಂಡಿನ ಹ್ಯಾರಿ ಫರ್ಗುಸನ್ ನೇಗಿಲನ್ನೂ ಯಂತ್ರವನ್ನೂ ಒಂದೇ ಅಂಗವಾಗಿಸಿದನು. 1946ರಿಂದ 1956ರವರೆಗೆ ಕವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಮೀರಿ ತಯಾರಾದ 'ಟಿಇ20' ಮಾದರಿಯಲ್ಲಿ ನೇಗಿಲು ಮೂರು ತೋಳುಗಳಿಂದ ಯಂತ್ರಕ್ಕೆ ಅಂಟಿಕೊಂಡಿರುವುದು. ಕೆಳಗಿನ ಎರಡು ತೋಳುಗಳು ಎಳೆಯುತ್ತವೆ. ಮೇಲಿನದು ಮುಂದಕ್ಕೆ ಒತ್ತುತ್ತದೆ. ನಮ್ಮ ಒಕ್ಕಲಿಗನು ಮೇಣಿಯ ಮೇಲಿಟ್ಟ ಕೈಯಿಂದಲೇ ಗುಳದ ಆಳವನ್ನರಿತು, ನೆಲ ಬಿಗಿಯಾದಲ್ಲಿ ತುಸು ಎತ್ತುವನಲ್ಲವೆ? ಆ ಅರಿವು ಇಲ್ಲಿ ಮೇಲಿನ ತೋಳಿನದು. ನೆಲದ ಬಿಗಿ ಹೆಚ್ಚಿದೊಡನೆ ಅದು ಸ್ಪ್ರಿಂಗೊಂದನ್ನು ಅದುಮಿ, ತೈಲದ ಒತ್ತಡದಿಂದ ನೇಗಿಲನ್ನು ಮೇಲೆತ್ತಿಸುವುದು. ಎತ್ತಿದ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಹಗುರವಾದ ಯಂತ್ರವೂ ಹಿಡಿತ ಪಡೆಯುವುದು. ಕಲ್ಲು ತಗುಲಿದರೆ ಆ ತೋಳೇ ಮೂತಿಯನ್ನು ನೆಲಕ್ಕೊತ್ತುವುದು. ಹಿಂದಿನ ಚಕ್ರಗಳು ಭಾರ ಕಳೆದುಕೊಂಡು ಬರಿದೆ ತಿರುಗುವುವು.

ಹೆಸರಿನ ಅಕ್ಷರಗಳು ಎಂಜಿನಿನ ಭೇದವನ್ನು ತಿಳಿಸುತ್ತವೆ. ಮೊದಲ 'ಟಿಇ'ಗೆ ಅಮೆರಿಕದ ಕಾಂಟಿನೆಂಟಲ್ ಎಂಜಿನು, 'ಟಿಇಎ'ಗೆ ಆಂಗ್ಲರ ಸ್ಟ್ಯಾಂಡರ್ಡ್ ಎಂಜಿನು, ಎರಡೂ ಪೆಟ್ರೋಲಿನವು. 'ಟಿಇಡಿ'ಯು ಸೀಮೆಎಣ್ಣೆಯಂತಹ ಅಗ್ಗದ ತೈಲದಿಂದಲೂ, 1951ರ 'ಟಿಇಎಫ್' ಡೀಸೆಲಿನಿಂದಲೂ ನಡೆಯುವುವು. ಗೇರಿನ ಸನ್ನೆಯಿಂದಲೇ ಎಂಜಿನನ್ನು ಚಾಲೂ ಮಾಡಬೇಕಾದುದರಿಂದ, ಗೇರಿನಲ್ಲಿರುವಾಗ ಯಂತ್ರವು ತಟ್ಟನೆ ಮುಂದಕ್ಕೆ ನೆಗೆಯುವ ಭಯವಿಲ್ಲ. ಇಂತಹ ಸಣ್ಣ ವಿವೇಕವನ್ನು ನಾವು ಅಶ್ವಶಕ್ತಿಗಿಂತ ಹೆಚ್ಚಾಗಿ ಮೆಚ್ಚುತ್ತೇವೆ.

ಟಿಇ20ರ ತರುವಾಯ 1956ರಲ್ಲಿ ಬಂದ '35' ಮಾದರಿಯ ಸಂತತಿಯೇ, 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಾಫೆ ಸಂಸ್ಥೆಯ ಮೂಲಕ ನಮ್ಮ ನಾಡಿನ ಹೊಲಗಳಿಗೆ ಬಂದ ಕೆಂಪು ಮ್ಯಾಸಿ ಫರ್ಗುಸನ್. ಆದರೆ ಮೂರು ತೋಳುಗಳ ರಕ್ಷಣೆ ನೇಗಿಲು ಕಟ್ಟಿರುವಾಗ ಮಾತ್ರ ಉಂಟು. ನಾಲೆಯ ಬಯಲಿನ ಕೆಸರಿನಲ್ಲಿ ಹೂತುಹೋದ ಕಬ್ಬಿನ ಗಾಡಿಯನ್ನು ಎಳೆಯಲೆಂದು ಮೇಲಿನ ತೋಳಿನ ಕೊಂಡಿಗೆ ಸರಪಳಿ ಬಿಗಿದರೆ, ಎಳೆತವು ಅಚ್ಚಿಗಿಂತ ಮೇಲಾಗಿ, ಫೋರ್ಡ್‌ಸನ್ನಿನ ಹಳೆಯ ಗಂಡಾಂತರವೇ ಮರಳುವುದು. ಯಂತ್ರ ಹಗುರವಾದಷ್ಟೂ ಬೇಗ ಮರಳುವುದು. ಸರಪಳಿಯನ್ನು ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೇ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡತಕ್ಕದ್ದು. ಮುಂದಿನ ಚಕ್ರ ನೆಲ ಬಿಟ್ಟಿತೆಂದು ಕಂಡ ಕ್ಷಣವೇ ಕ್ಲಚ್ಚನ್ನು ತುಳಿದು, ಗಾಡಿಯ ಭಾರವನ್ನು ಇಳಿಸಿದ ಮೇಲೆ ಮತ್ತೆ ಎಳೆಯಬೇಕು.