ಜಾಗ ಬಿಟ್ಟು ಕಟ್ಟಿದವರು



ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೂ ಇವತ್ತು ಕಟ್ಟಡ ಕಟ್ಟಿದವರೊಬ್ಬರ ಬಗ್ಗೆ ಎರಡು ಮಾತು. ಅವರು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ; 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಅವರದೇ ವಿನ್ಯಾಸ. ಒರಟು ಕಲ್ಲಿನ ಗೋಡೆ, ಎತ್ತರದ ಮೊಗಸಾಲೆ, ಮೇಲಿನ ತೊಲೆಗಳ ನಡುವೆ ಇಳಿಯುವ ಬಿಸಿಲು. ತರಗತಿಯ ಹೊರಗೆ ನಿಂತು ಆಡುವ ಮಾತೂ ಪಾಠವೇ ಎಂದು ನಂಬಿ ಕಟ್ಟಿದ ಜಾಗ ಅದು.

ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಹುಪಾಲು ಬಡವರಿಗೆ ಅವರು ಪೂರ್ತಿ ಮನೆ ಕೊಡಲಿಲ್ಲ. ತಳಪಾಯ, ನೀರು, ಶೌಚಾಲಯದ ವ್ಯವಸ್ಥೆ ಮಾಡಿ, ಉಳಿದದ್ದನ್ನು ಕಾಸು ಕೂಡಿದಂತೆ ಕಟ್ಟಿಕೊಳ್ಳಲು ಬಿಟ್ಟರು. ಅಲ್ಲಿ 80,000ಕ್ಕೂ ಹೆಚ್ಚು ಜನ ನೆಲೆ ಕಂಡರು.

ಬಾಳುವವರಿಗೆ ಜಾಗ ಬಿಟ್ಟು ಕಟ್ಟುವುದು: ಅವರ ಅಷ್ಟೂ ಕೆಲಸದ ದೊಡ್ಡತನ ನನಗೆ ಕಾಣುವುದು ಇದರಲ್ಲೇ.

ನಮ್ಮ ಶಾಲೆಗೂ ಹೊಸ ಕೊಠಡಿಗಳು ಬರಲಿವೆ. ನಕ್ಷೆಯಲ್ಲಿ ಜಗಲಿ ಇಲ್ಲವೆಂದು ಕೇಳಿದೆ. ಒಂದು ಕೊಠಡಿ ಚಿಕ್ಕದಾದರೂ ಸರಿ, ಮಕ್ಕಳು ಕೂತು ಮಾತಾಡುವ ಜಗಲಿ ಇರಲಿ ಎಂಬುದು ನನ್ನ ಬಿನ್ನಹ. ಅದರ ಖರ್ಚಿಗೆ ನಮ್ಮ ಬ್ಯಾಚಿನವರು ಕೈ ಜೋಡಿಸುತ್ತೇವೆ.